ಹೇಳಿಕೊಟ್ಟ ಮಾತು

ಬಿಸಿಲು ಎದುರುಮನೆಯ ಗೋಡೆಯಿಂದ ಇಳಿದು ಬೀದಿಗೆ ಬಂತೆಂದರೆ ಸಾಕು, ಅಪ್ಪ ಚಪ್ಪಲಿ ಹುಡುಕಲು ಶುರು ಮಾಡುತ್ತಿದ್ದ. ಮಂಚದ ಕೆಳಗೆ ಹುಡುಕುತ್ತಿದ್ದ, ಬಾಗಿಲ ಸಂದಿಯಲ್ಲಿ ಹುಡುಕುತ್ತಿದ್ದ, ಒಮ್ಮೊಮ್ಮೆ ಅಡುಗೆಮನೆಯ ಡಬ್ಬಗಳ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದ. ಎಷ್ಟೋ ಸಲ ಚಪ್ಪಲಿ ಅವನ ಕಾಲಲ್ಲೇ ಇರುತ್ತಿತ್ತು.

"ಎಲ್ಲಿಗೆ ಹೊರಟೆ ಅಪ್ಪಾ?" ಮಗಳು ಕೇಳುತ್ತಿದ್ದಳು, ಕೈಯಲ್ಲಿನ ಸೂಜಿ ಬಿಡದೆ.

"ಬಸ್ ಸ್ಟಾಪಿಗೆ. ನಿಮ್ಮಮ್ಮ ಬರೋ ಹೊತ್ತಾಯ್ತು. ಅಷ್ಟು ದೊಡ್ಡ ಚೀಲ ಹೊತ್ಕೊಂಡು ಒಬ್ಬಳೇ ಹೇಗ್ ಬರ್ತಾಳೆ ಪಾಪ?"

ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು.

ಮಗಳನ್ನು ಮನೆಯಲ್ಲಿ ಪುಟ್ಟಿ ಅನ್ನುತ್ತಿದ್ದರು. ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು ಇಣುಕಿದರೂ ಪುಟ್ಟಿ ಪುಟ್ಟಿಯೇ. ಮೊದಲು ಟೈಲರ್ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು. ಗುಂಡಿ ತೂರುವ ಸೀಳಿನ ಅಂಚಿಗೆ ದಾರ ಸುತ್ತಿ, ಎಷ್ಟು ಎಳೆದರೂ ಬಿಚ್ಚದ ಹಾಗೆ ಕಟ್ಟುವ ಕೆಲಸ. ಅಪ್ಪನನ್ನು ಒಬ್ಬನೇ ಬಿಡುವ ಹಾಗಿಲ್ಲ ಎಂದಾದ ಮೇಲೆ ಅಂಗಿಗಳನ್ನು ಮನೆಗೇ ತಂದುಕೊಂಡಳು. ಜನರ ಮುಖ ನೋಡಿ ಮಾತಾಡುವುದು ಅವಳಿಗೆ ಮೊದಲಿಂದಲೂ ಕಷ್ಟ, ಹಾಗಾಗಿ ಅಂಗಡಿ ತಪ್ಪಿದ್ದಕ್ಕೆ ಅಷ್ಟೇನೂ ಬೇಜಾರಾಗಲಿಲ್ಲ.

ಅಪ್ಪ ಬಸ್ ಡ್ರೈವರ್ ಆಗಿದ್ದವನು. ಯಾವ ತಿರುವಿನಲ್ಲಿ ಯಾರ ಅಂಗಡಿ, ಯಾವ ಗುಂಡಿಯಲ್ಲಿ ಎಷ್ಟು ನೀರು, ಎಲ್ಲ ಅವನ ತಲೆಯಲ್ಲಿತ್ತು. ಅರ್ಧ ಊರನ್ನು ಹೊತ್ತು ತಿರುಗಿಸಿದ ಮನುಷ್ಯನಿಗೆ ಈಗ ಬಚ್ಚಲಿನಿಂದ ಮಂಚಕ್ಕೆ ದಾರಿ ಸಿಗುತ್ತಿರಲಿಲ್ಲ. ಬೆಳಗ್ಗೆ ಹೊತ್ತು ಪುಟ್ಟಿ ಯಾರೆಂದು ಗೊತ್ತಿರುತ್ತಿತ್ತು. ಹೊತ್ತು ಇಳಿದ ಹಾಗೆ ಅದೂ ಇಳಿಯುತ್ತಿತ್ತು. ಆದರೆ ಹೆಂಡತಿ ಬರುವ ಬಸ್ಸನ್ನು ಮಾತ್ರ ಅವನು ಒಂದು ದಿನವೂ ಮರೆಯಲಿಲ್ಲ.

ನಿಜ ಹೇಳಿದರೆ ಒಂದು ಕಷ್ಟ, ಸುಳ್ಳು ಹೇಳಿದರೆ ಇನ್ನೊಂದು. "ಅಮ್ಮ ಇಲ್ಲ ಅಪ್ಪ, ತೀರಿಕೊಂಡ್ಲಲ್ಲ" ಅಂದರೆ ಅವನು ನಿಂತಲ್ಲೇ ಕುಸಿಯುತ್ತಿದ್ದ. ಹೊಸ್ತಿಲ ಮೇಲೆ ಕೂತು, ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಆಗಷ್ಟೇ ಸುದ್ದಿ ಬಂದವನ ಹಾಗೆ ಅಳುತ್ತಿದ್ದ. ಪುಟ್ಟಿ ಚಹಾ ಮಾಡಿ ತರುವಷ್ಟರಲ್ಲಿ ಕಣ್ಣು ಒರೆಸಿಕೊಂಡು, "ಬಸ್ಸು ಲೇಟಾಗಿರ್ಬೇಕು ಇವತ್ತು" ಅನ್ನುತ್ತಿದ್ದ. ಮತ್ತೆ ಮೊದಲಿಂದ. ಅದೇ ಸಾವು ದಿನಕ್ಕೆ ಎಷ್ಟು ಸಲ ಆಗುತ್ತಿತ್ತೋ.

ಅತ್ತೆ, ಅಂದರೆ ಅಪ್ಪನ ತಂಗಿ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಅವಳ ಬಾಯಿಗೆ ಬೀಗ ಇಲ್ಲ.

"ಅಲ್ವೇ ಪುಟ್ಟಿ, ಸತ್ತೋಳನ್ನ ದಿನಾ ಸಾಯಿಸ್ತೀಯಲ್ಲೇ, ನಿನಗೇನು ಬೇರೆ ಕೆಲಸ ಇಲ್ವಾ? ಅವಳ ತಂಗಿ ಮನೆಗೆ ಹೋಗಿದಾಳೆ, ಬರ್ತಾಳೆ ಅಂದ್ಬಿಡು. ಸುಳ್ಳಿಗೇನು ಬಾಡಿಗೆ ಕೊಡ್ಬೇಕಾ?"

ಪುಟ್ಟಿ ಅದನ್ನೂ ಮಾಡಿ ನೋಡಿದಳು. ಬರುತ್ತಾಳೆ ಅಂದರೆ ಕರೆತರಲು ಹೋಗಬೇಕಲ್ಲ? ಒಂದು ಸಂಜೆ ಅವಳು ಬಟ್ಟೆ ಒಣಗಿಹಾಕಿ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ಖಾಕಿ ತೊಟ್ಟ ಒಬ್ಬ ಹುಡುಗ ಡ್ರೈವರ್ ಅವನ ತೋಳು ಹಿಡಿದು ಕರೆತಂದ. "ಡಿಪೋದಲ್ಲಿ ನನ್ನ ಸೀಟಲ್ಲಿ ಕೂತ್ಬಿಟ್ಟಿದ್ರು ಅಕ್ಕಾ. ಕೀ ಎಲ್ಲೋ ಬೇಕೂಫ, ನನ್ನ ಹೆಂಡ್ತಿ ಕಾಯ್ತಿದಾಳೆ ಅಂತ ನನಗೇ ಬೈದ್ರು." ಹುಡುಗ ನಗುತ್ತಲೇ ಹೇಳಿದ. ಪುಟ್ಟಿಯೂ ನಕ್ಕಳು. ಅಪ್ಪನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹೆಬ್ಬೆರಳಿನ ಉಗುರು ಕಿತ್ತು ರಕ್ತ ಹೆಪ್ಪುಗಟ್ಟಿತ್ತು. ಅಂದಿನಿಂದ ಬಾಗಿಲಿಗೆ ಬೀಗ ಬಿತ್ತು. ಸಂಜೆಯಾದರೆ ಅಪ್ಪ ಆ ಬಾಗಿಲನ್ನು ಗುದ್ದುತ್ತಿದ್ದ. ಅಕ್ಕಪಕ್ಕದವರು ಏನೂ ಅನ್ನುತ್ತಿರಲಿಲ್ಲ, ಕಿಟಕಿ ಮಾತ್ರ ಮುಚ್ಚಿಕೊಳ್ಳುತ್ತಿದ್ದರು.

ಎರಡು ಬೀದಿ ಆಚೆ, ಹಿಂದೆ ಔಷಧಿ ಗೋದಾಮಾಗಿದ್ದ ಕಟ್ಟಡದಲ್ಲಿ, ಇಂಥವರಿಗಾಗಿಯೇ ಒಂದು ಹಗಲುಮನೆ ಇದೆ ಎಂದು ಟೈಲರ್ ಹೇಳಿದ. ಬೆಳಗ್ಗೆ ಬಿಟ್ಟು ಮಧ್ಯಾಹ್ನ ಕರೆದುಕೊಂಡು ಬರಬೇಕು. ಒಳಗೆ ಒಂದು ಉದ್ದನೆಯ ಮೇಜು. ಒಂದು ತುದಿಯಲ್ಲಿ ಬಣ್ಣ ಮತ್ತು ಹಾಳೆ, ನಡುವೆ ಜೇಡಿಮಣ್ಣು, ಮೂಲೆಯಲ್ಲಿ ಮರದ ಸ್ಟೂಲುಗಳ ಬರೀ ಚೌಕಟ್ಟು ಮತ್ತು ನೈಲಾನ್ ಪಟ್ಟಿಯ ಉಂಡೆಗಳು. ಕಿಟಕಿಗಳೆಲ್ಲ ತಲೆಗಿಂತ ಎತ್ತರ, ರಸ್ತೆ ಕಾಣಬಾರದೆಂದು. ಬಾಗಿಲಿಗೂ ಗೋಡೆಗೂ ಒಂದೇ ಬಣ್ಣ ಬಳಿದಿದ್ದರು. ಬಾಗಿಲು ಕಂಡರೆ ತಾನೆ ಮನೆಗೆ ಹೋಗಬೇಕು ಅನ್ನಿಸುವುದು.

ಅಲ್ಲಿ ಒಬ್ಬ ಕಟಿಂಗ್ ತಾತ ಇದ್ದ. ಜೀವಮಾನವೆಲ್ಲ ಕ್ಷೌರ ಮಾಡಿದವನು. ಬ್ರಶ್ ಕೊಟ್ಟರೆ ಬಿಳಿ ಬಣ್ಣವನ್ನೇ ಅದ್ದಿ, ಬಿಳಿ ಹಾಳೆಯ ಮೇಲೆ ಸುತ್ತಿ ಸುತ್ತಿ ನೊರೆ ಬರಿಸುವ ಹಾಗೆ ಬಳಿಯುತ್ತಿದ್ದ. ಬಂದವರ ಕತ್ತಿನ ಹಿಂದೆ ಬೆರಳಾಡಿಸಿ, "ಬಹಳ ಬೆಳೆದಿದೆ ಸ್ವಾಮಿ, ಕೂತ್ಕೊಳ್ಳಿ" ಅನ್ನುತ್ತಿದ್ದ. ಜಡೆ ಅಜ್ಜಿ ಎಂದು ಇನ್ನೊಬ್ಬಳು. ಮಣ್ಣನ್ನು ಮೂರು ಹಾವಿನ ಹಾಗೆ ಹೊಸೆದು ಜಡೆ ಹೆಣೆಯುವುದು ಬಿಟ್ಟರೆ ಬೇರೇನೂ ಮಾಡಳು. ಹೆಣೆಯುತ್ತಾ ಹೆಣೆಯುತ್ತಾ, "ನಮ್ಮಮ್ಮ ಎಲ್ಲಿ? ಇನ್ನೂ ಬರ್ಲಿಲ್ವಾ?" ಎಂದು ಕೇಳುವಳು. "ಬರ್ತಾರೆ ಅಜ್ಜಿ, ಜಡೆ ಮುಗಿಸು" ಎಂದರೆ ಸಮಾಧಾನ.

ಅಪ್ಪ ಮೊದಲ ದಿನ ಬ್ರಶ್ ಮುಟ್ಟಲಿಲ್ಲ. "ನಾನೇನು ಒಂದನೇ ಕ್ಲಾಸಾ?" ಎಂದು ಕೈಕಟ್ಟಿ ಕೂತ. ಕೈಕೆಲಸ ಕಲಿಸುವ ಟೀಚರ್ ಸಣಕಲು ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಅವಳು ವಾದಕ್ಕೆ ಹೋಗಲಿಲ್ಲ. ಒಂದು ಚೌಕಟ್ಟನ್ನು ಅವನ ತೊಡೆಯ ಮೇಲಿಟ್ಟು, ಹಸಿರು ಪಟ್ಟಿಯ ತುದಿಯನ್ನು ಅವನ ಬೆರಳಿಗೆ ಕೊಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಒಂದರ ಮೇಲೆ, ಒಂದರ ಕೆಳಗೆ. ಒಂದರ ಮೇಲೆ, ಒಂದರ ಕೆಳಗೆ. ಪಟ್ಟಿ ಸಾಲು ದಾಟಿ ಆಚೆ ಬಂದಾಗ ಅಪ್ಪ ತನ್ನಷ್ಟಕ್ಕೇ, "ರೈಟ್" ಅಂದ. ಬಸ್ಸು ಬಿಡುವಾಗ ಕಂಡಕ್ಟರ್ ಹೇಳುವ ಹಾಗೆ.

ಕೆಲವು ವಾರಗಳಲ್ಲಿ ಅವನು ಟೀಚರ್ ಕೈ ಇಲ್ಲದೆ ಹೆಣೆಯತೊಡಗಿದ. ವಿಚಿತ್ರವೆಂದರೆ, ಕಲಿತದ್ದು ಅವನಿಗೆ ಗೊತ್ತಿರಲಿಲ್ಲ. ಪ್ರತಿ ಬೆಳಗ್ಗೆಯೂ, "ಇದೆಲ್ಲ ನನಗೆ ಬರಲ್ಲ ಕಣಮ್ಮಾ, ನಾನು ಡ್ರೈವರು" ಎಂದು ಬಾಯಿ ಹೇಳುತ್ತಿರುವಾಗಲೇ ಕೈ ಪಟ್ಟಿ ಎತ್ತಿಕೊಂಡು ಹೊರಟಿರುತ್ತಿತ್ತು. ಇದನ್ನು ಪುಟ್ಟಿಗೆ ಹೇಳಿದ್ದು ಟೀಚರ್. ಮನೆಯವರು ಒಳಗೆ ಬಂದರೆ ಇವರ ಕೈ ನಿಂತುಹೋಗುತ್ತದೆ ಎಂದು ಅವರನ್ನೆಲ್ಲ ಹೊರಗಿನ ವರಾಂಡದಲ್ಲೇ ಕೂರಿಸುತ್ತಿದ್ದರು. ಪುಟ್ಟಿ ಅಲ್ಲೇ ಬೆಂಚಿನ ತುದಿಯಲ್ಲಿ ಕೂತು ಕಾಜಾ ಹಾಕುತ್ತಿದ್ದಳು. ಒಳಗಿಂದ ಆಗಾಗ "ರೈಟ್" ಕೇಳಿಸುತ್ತಿತ್ತು.

ಒಂದು ದಿನ ಟೀಚರ್ ವರಾಂಡಕ್ಕೆ ಬಂದು ಮನೆಯವರಿಗೆಲ್ಲ ವಿವರಿಸಿದಳು.

"ಇವರಿಗೆ 'ನೆನಪಿದೆಯಾ, ಹೇಳಿ ನೋಡೋಣ' ಅಂತ ಪರೀಕ್ಷೆ ಮಾಡ್ಬೇಡಿ. ಊಹೆ ಮಾಡೋಕೆ ಬಿಡ್ಬೇಡಿ. ನಾವು ತಪ್ಪು ಮಾಡಿದ್ರೆ, ಓ ಇದು ತಪ್ಪು ಅಂತ ನೆನಪಿಟ್ಕೊಂಡು ತಿದ್ಕೋತೀವಿ. ಇವರಿಗೆ ತಿದ್ದಿದ್ದು ನೆನಪಿರಲ್ಲ, ಮಾಡಿದ್ದು ಮಾತ್ರ ಉಳಿಯುತ್ತೆ. ಅದಕ್ಕೇ ತಪ್ಪು ಆಗೋ ಮುಂಚೇನೇ ಕೈ ಹಿಡಿಯೋದು. ಸರಿಯಾದ್ದನ್ನ ನೀವೇ ಹೇಳಿ, ತಕ್ಷಣ ಅವರ ಕೈಲಿ ಹೇಳಿಸಿ. ಸ್ವಲ್ಪ ಬಿಟ್ಟು ಮತ್ತೆ ಹೇಳಿಸಿ. ಆಮೇಲೆ ಇನ್ನೂ ಸ್ವಲ್ಪ ಹೊತ್ತು ಬಿಟ್ಟು. ಹಾಗೇ ಕೂರುತ್ತೆ. ಒಂದ್ಸಲ ಕೂತ್ರೆ ಕೂತ ಹಾಗೇ."

"ಹೌದು ಮತ್ತೆ," ಎಂದ ಜಡೆ ಅಜ್ಜಿಯ ಗಂಡ. "ಬಚ್ಚಲು ಎಲ್ಲಿ ಅಂದ್ರೆ 'ನೀಲಿ ಬಾಗಿಲು' ಅನ್ನೋದನ್ನ ಇವಳಿಗೆ ಹೀಗೇ ಕಲಿಸಿದ್ದು. ಈಗ ನನ್ನ ಹೆಸರು ಕೇಳಿದ್ರೂ ನೀಲಿ ಬಾಗಿಲು ಅಂತಾಳೆ."

ಎಲ್ಲರೂ ನಕ್ಕರು. ಪುಟ್ಟಿ ನಗಲಿಲ್ಲ. ಅವಳ ಸೂಜಿ ನಿಂತಿತ್ತು. ಕೈಗೆ ಕಲಿಸಿದ ಹಾಗೆ ಬಾಯಿಗೂ ಕಲಿಸಬಹುದು ಎಂದು ಅವಳು ಯೋಚಿಸಿರಲಿಲ್ಲ. ಬಚ್ಚಲು ಎಲ್ಲಿ ಅನ್ನುವುದನ್ನು ಕಲಿಯಬಹುದಾದರೆ ಅಮ್ಮ ಎಲ್ಲಿ ಅನ್ನುವುದನ್ನು ಯಾಕೆ ಕಲಿಯಬಾರದು? ಒಂದು ಸಲ ಗೊತ್ತಾಗಿಬಿಟ್ಟರೆ ದಿನವೂ ಹೊಸದಾಗಿ ಗೊತ್ತಾಗುವ ನರಕ ತಪ್ಪುತ್ತದೆ. ಟೀಚರನ್ನು ಕೇಳಬೇಕು ಅನ್ನಿಸಿತು. ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ಜನ ಕರಗಿದ ಮೇಲೆ ಟೀಚರೂ ಒಳಗೆ ಹೋಗಿಬಿಟ್ಟಿದ್ದಳು.

ಕಲಿಸುವ ಮಾತನ್ನು ಪುಟ್ಟಿ ಒಂದು ಇಡೀ ದಿನ ಯೋಚಿಸಿ ಆರಿಸಿದಳು. ಚಿಕ್ಕದಾಗಿರಬೇಕು, ಒಂದೇ ಥರ ಇರಬೇಕು. "ಅವಳು ತೀರಿಕೊಂಡ್ಲು. ಕಷ್ಟಪಡ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ." ಇದರಲ್ಲಿ ಮೊದಲನೆಯದು ಮಾತ್ರ ನಿಜ. ಅಮ್ಮ ಉಸಿರಿಗಾಗಿ ಬಹಳ ಒದ್ದಾಡಿದಳು. ಆಗ ಅಪ್ಪ ಆಸ್ಪತ್ರೆಯ ವರಾಂಡದಲ್ಲಿ ಕೂತು, ನೆಲ ಒರೆಸುವವಳಿಗೆ ಘಾಟಿಯಲ್ಲಿ ಬ್ರೇಕ್ ಹೋದ ಕತೆ ಹೇಳುತ್ತಿದ್ದ. ಹೇಗೂ ಹೊಸದಾಗಿ ಕಲಿಸುವುದು, ಸ್ವಲ್ಪ ಒಳ್ಳೆಯದನ್ನೇ ಕಲಿಸೋಣ ಎಂದುಕೊಂಡಳು.

ಸ್ನಾನವಾಗಿ ತಲೆ ಬಾಚಿದ ಮೇಲೆ ಅಪ್ಪನ ಮುಖ ತಿಳಿಯಾಗಿರುತ್ತಿತ್ತು. ಆ ಹೊತ್ತಿಗೆ ಅವನ ಎದುರು ಕೂತು, ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಅಪ್ಪಾ, ಅಮ್ಮ ಎಲ್ಲಿ ಅಂದ್ರೆ ಹೀಗೆ ಹೇಳು. ಅವಳು ತೀರಿಕೊಂಡ್ಲು. ಕಷ್ಟಪಡ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಹೇಳು ಈಗ."

ಅಪ್ಪನ ಗಲ್ಲ ನಡುಗಿತು. ಅಳು ಅವನ ಕಣ್ಣಿಗೆ ಬರುವ ಮೊದಲೇ ಅವಳು, "ಹೇಳಪ್ಪಾ, ಅವಳು..." ಎಂದು ಶುರು ಮಾಡಿಕೊಟ್ಟಳು. ಅವನು ಹೇಳಿದ. ಚಹಾ ಕುಡಿದ ಮೇಲೆ ಮತ್ತೆ ಹೇಳಿಸಿದಳು. ಚಪ್ಪಲಿ ಹಾಕುವಾಗ ಹೇಳಿಸಿದಳು. ಬೀದಿಯ ತಿರುವಿನಲ್ಲಿ ಒಮ್ಮೆ, ಹಗಲುಮನೆಯ ಬಾಗಿಲಲ್ಲಿ ಒಮ್ಮೆ. ಮಧ್ಯಾಹ್ನ ಕರೆತರುವಾಗ ಮತ್ತೆ. ದಿನ ಕಳೆದ ಹಾಗೆ ನಡುವಿನ ಹೊತ್ತನ್ನು ಎಳೆದು ಎಳೆದು ಉದ್ದ ಮಾಡಿದಳು. ಅಪ್ಪನ ಗಲ್ಲ ನಡುಗುವುದು ಯಾವಾಗ ನಿಂತಿತೋ ಅವಳೂ ಗಮನಿಸಲಿಲ್ಲ.

ಒಂದು ಸಂಜೆ ಬಿಸಿಲು ಬೀದಿಗಿಳಿಯಿತು. ಅಪ್ಪ ಎದ್ದ. ಮಂಚದ ಕೆಳಗೆ ಬಗ್ಗಿದ. ಅಷ್ಟರಲ್ಲಿ ಏನೋ ಅಡ್ಡ ಬಂದ ಹಾಗೆ ನಿಂತು, ಮತ್ತೆ ಕೂತುಬಿಟ್ಟ.

ಪುಟ್ಟಿ ಉಸಿರು ಹಿಡಿದು ಕೇಳಿದಳು. "ಅಪ್ಪಾ, ಅಮ್ಮ ಎಲ್ಲಿ?"

"ಅವಳು ತೀರಿಕೊಂಡ್ಲು. ಕಷ್ಟಪಡ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ."

ಸ್ಟಾಪುಗಳ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿದ. ಕಣ್ಣಲ್ಲಿ ಹನಿ ನೀರಿಲ್ಲ. ಪುಟ್ಟಿಗೆ ಆದದ್ದು ಸಂತೋಷವೇ. ಎದ್ದು ಹೋಗಿ ಬಾಗಿಲ ಬೀಗ ತೆಗೆದು ಗೂಡಿನಲ್ಲಿಟ್ಟಳು. ಅಂದು ಅವಳು ಕೂತಲ್ಲಿಂದ ಏಳದೆ ಇಡೀ ಅಂಗಿಯ ಕಾಜಾ ಮುಗಿಸಿದಳು, ಎಷ್ಟೋ ತಿಂಗಳ ಮೇಲೆ.

ಅತ್ತೆ ಬಂದವಳು ಮೂಗಿನ ಮೇಲೆ ಬೆರಳಿಟ್ಟಳು. "ಎಲಾ ಇವಳಾ! ಗಿಣಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದೀಯಲ್ಲೇ! ನನ್ನ ಗಂಡನಿಗೂ ಒಂದೆರಡು ಮಾತು ಕಲಿಸ್ಕೊಡು ಪುಟ್ಟಿ. 'ತಪ್ಪಾಯ್ತು' ಅನ್ನೋದೊಂದು ಕಲಿಸಿದ್ರೂ ಸಾಕು."

ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಟೀಚರ್ ವರಾಂಡಕ್ಕೆ ಬಂದು, "ಒಂದು ನಿಮಿಷ ಒಳಗೆ ಬನ್ನಿ" ಎಂದಳು. ಮಣ್ಣಿನ ಸಾಮಾನಿಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ನಿಮ್ಮ ತಂದೆಗೆ ಯಾರಾದ್ರೂ ಏನಾದ್ರೂ ಹೇಳಿಕೊಟ್ಟಿದಾರಾ?"

ಪುಟ್ಟಿ ಕೈಯಲ್ಲಿದ್ದ ಅಂಗಿಯನ್ನು ಮಡಿಸತೊಡಗಿದಳು.

"ಜಡೆ ಅಜ್ಜಿ ದಿನಾ ಕೇಳ್ತಾರಲ್ಲ, ನಮ್ಮಮ್ಮ ಎಲ್ಲಿ ಅಂತ. ನಾನು ಬಾಯಿ ತೆಗೆಯೋ ಮುಂಚೆ ನಿಮ್ಮ ತಂದೆ ಎದ್ದು ಹೋಗಿ, ಅವರ ಕೈ ಹಿಡ್ಕೊಂಡು, ಅವಳು ತೀರಿಕೊಂಡ್ಲು, ಕಷ್ಟಪಡ್ಲಿಲ್ಲ ಅಂತಾರೆ. ಎಷ್ಟು ಮೃದುವಾಗಿ ಹೇಳ್ತಾರೆ ಅಂದ್ರೆ ನಂಬದೇ ಇರೋಕಾಗಲ್ಲ. ಆ ಮುದುಕಿ ಎರಡು ದಿನದಿಂದ ಎದೆ ಬಡ್ಕೊಂಡು ಅತ್ತು ಅತ್ತು ಮಲಗ್ತಿದಾರೆ. ಈಗ ಇಬ್ಬರನ್ನೂ ದೂರ ದೂರ ಕೂರಿಸಿದೀನಿ."

"ನಾನು ಅಮ್ಮನ ಬಗ್ಗೆ..." ಪುಟ್ಟಿ ಅಷ್ಟಕ್ಕೇ ನಿಲ್ಲಿಸಿ ಮತ್ತೆ ಶುರು ಮಾಡಿದಳು. "ದಿನಾ ಅಳ್ತಿದ್ರು. ನೀವು ಹೇಳಿದ್ರಲ್ಲ, ಹಾಗೇ ಹೇಳಿಸಿದೆ."

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಅಷ್ಟೇ ಆಗಿದ್ರೆ ಏನೋ ಮಾಡಬಹುದಿತ್ತು. ಹೋದ ವಾರದಿಂದ ಅವರು ಪಟ್ಟಿ ಮುಟ್ತಿಲ್ಲ. ತೊಡೆ ಮೇಲೆ ಸ್ಟೂಲ್ ಇಟ್ರೆ ಮೆಲ್ಲಗೆ ತೆಗೆದು ಕೆಳಗಿಡ್ತಾರೆ. ನಿಮಗೆ ಗೊತ್ತಿಲ್ವಾ ಅದು ಯಾರಿಗೆ ಅಂತ?"

"ಇಲ್ಲ."

"ದಿನಾ ಹೇಳೋರು. ನಮ್ಮನೆಯವಳಿಗೆ ಕಣಮ್ಮಾ, ನೆಲದ ಮೇಲೆ ಕೂತೂ ಕೂತೂ ಅವಳ ಮಂಡಿ ಹೋಗಿದೆ, ಈ ಎತ್ತರ ಸರಿ ಹೋಗುತ್ತಾ ನೋಡು ಅಂತ. ಒಂದು ಮುಗಿದ್ರೆ ಅದು ಮರೆತೇ ಹೋಗಿರೋದು, ಇನ್ನೊಂದಕ್ಕೆ ಕೈ ಹಾಕೋರು. ಎಷ್ಟು ಸ್ಟೂಲ್ ಹೆಣೆದಿದಾರೋ, ಎಲ್ಲಾ ನಿಮ್ಮ ತಾಯಿಗೇ."

ಗೋಡೆಗೆ ಒರಗಿಸಿ ಒಂದರ ಮೇಲೊಂದು ಪೇರಿಸಿದ್ದ ಸ್ಟೂಲುಗಳನ್ನು ಪುಟ್ಟಿ ಆಗ ನೋಡಿದಳು. ಹಸಿರು ಬಿಳಿ, ಹಸಿರು ಬಿಳಿ. ಒಂದು ಸಾಲೂ ತಪ್ಪಿರಲಿಲ್ಲ. ಸತ್ತವಳಿಗೆ ಯಾರು ಸ್ಟೂಲು ಹೆಣೆಯುತ್ತಾರೆ?

"ಬಿಚ್ಚೋಕಾಗಲ್ವಾ ಟೀಚರ್? ಹೇಳಿಕೊಟ್ಟಿದ್ದನ್ನ?"

"ಕೂರಿಸೋದು ನನಗೆ ಗೊತ್ತು. ಬಿಚ್ಚೋದು ಗೊತ್ತಿಲ್ಲಮ್ಮಾ." ಅವಳು ಬೈಯಲಿಲ್ಲ. ಬೈದಿದ್ದರೆ ಪುಟ್ಟಿಗೆ ಹಗುರಾಗುತ್ತಿತ್ತೇನೋ. "ಅರ್ಧ ಆಗಿರೋದೊಂದು ಇದೆ, ಮನೆಗೆ ತಗೊಂಡು ಹೋಗಿ. ನಿಮ್ಮ ಕೈಲಾದ್ರೂ ಶುರು ಮಾಡ್ತಾರೇನೋ ನೋಡಿ."

ಮನೆಯಲ್ಲಿ ಅಪ್ಪ ಈಗ ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಮಂಚದ ತುದಿಯಲ್ಲಿ, ಗೋಡೆಗೆ ಮುಖ ಮಾಡಿ, ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿರುತ್ತಿದ್ದ. ಬಾಗಿಲು ತೆರೆದೇ ಇರುತ್ತಿತ್ತು, ಹೊರಗೆ ಕಾಲಿಡುತ್ತಿರಲಿಲ್ಲ. ಊಟಕ್ಕೆ ಕೂರಿಸಿದರೆ ಕೂರುತ್ತಿದ್ದ, ಬಾಯಿಗಿಟ್ಟರೆ ನುಂಗುತ್ತಿದ್ದ. ಪುಟ್ಟಿ ಇಷ್ಟು ದಿನ ಅವನ ಕಾಯುವಿಕೆಯನ್ನೇ ರೋಗ ಅಂದುಕೊಂಡಿದ್ದಳು. ಚಪ್ಪಲಿ ಹುಡುಕುವುದು, ಬಾಗಿಲು ಗುದ್ದುವುದು, ಬಸ್ಸು ಲೇಟಾಯಿತೆಂದು ಗೊಣಗುವುದು, ಇಷ್ಟೇ ಅವನಲ್ಲಿ ಬದುಕಿ ಉಳಿದಿದ್ದ ಭಾಗ ಎಂದು ಈಗ ತಿಳಿಯಿತು. ಡಿಪೋದವರು ಅವನನ್ನು ಒಂದು ಸಲ ನಿವೃತ್ತಿ ಮಾಡಿಸಿದ್ದರು. ಇದು ಎರಡನೆಯದು.

ಅವಳು ಅರ್ಧ ಸ್ಟೂಲನ್ನು ಅವನ ತೊಡೆಯ ಮೇಲಿಟ್ಟಳು. ಪಟ್ಟಿಯನ್ನು ಬೆರಳಿಗೆ ಕೊಟ್ಟು, ಕೈಯ ಮೇಲೆ ಕೈ ಇಟ್ಟಳು. "ಒಂದರ ಮೇಲೆ ಅಪ್ಪಾ, ಒಂದರ ಕೆಳಗೆ." ಅವನ ಕೈ ಒದ್ದೆ ಬಟ್ಟೆಯ ಹಾಗೆ ಅವಳ ಕೈ ಹೋದಲ್ಲಿ ಹೋಯಿತು. ಸಾಲು ಮುಗಿಯಿತು. ಅವನು ರೈಟ್ ಅನ್ನಲಿಲ್ಲ.

"ಇದು ಅಮ್ಮನಿಗೆ ಅಪ್ಪಾ. ಸಂಜೆ ಬಸ್ಸಿಗೆ ಬರ್ತಾಳಲ್ಲ, ಅಷ್ಟರಲ್ಲಿ ಮುಗಿಸ್ಬೇಡ್ವಾ?"

"ಅವಳು ತೀರಿಕೊಂಡ್ಲು. ಕಷ್ಟಪಡ್ಲಿಲ್ಲ. ನಾನು..."

"ಇಲ್ಲಪ್ಪಾ. ಬರ್ತಾಳೆ. ಅಮ್ಮ ಬರ್ತಾಳೆ ಅನ್ನು."

"ಬರ್ತಾಳೆ," ಎಂದ ಅಪ್ಪ ವಿಧೇಯನಾಗಿ. ಸ್ವಲ್ಪ ಹೊತ್ತು ಬಿಟ್ಟು ಅವಳು ಮತ್ತೆ ಕೇಳಿದರೆ ಅದೇ ಹಳೆಯ ಮೂರು ಮಾತು, ಅದೇ ಸಲೀಸು.

ಅವಳು ಬಿಡಲಿಲ್ಲ. ತಪ್ಪು ಆಗುವ ಮುಂಚೆ ಹಿಡಿಯಬೇಕು ಎಂದು ಟೀಚರ್ ಹೇಳಿದ್ದಳಲ್ಲ. ಮರುದಿನ ಬೆಳಗ್ಗೆ ತಲೆ ಬಾಚಿದ ಮೇಲೆ ಕೇಳಿದಳು, "ಅಪ್ಪಾ, ಅಮ್ಮ ಎಲ್ಲಿ?" ಅವನ ತುಟಿ 'ಅವಳು' ಎಂದು ತೆರೆಯುವುದು ಕಂಡ ಕೂಡಲೇ ಅಂಗೈಯನ್ನು ಅವನ ಬಾಯಿಯ ಮೇಲಿಟ್ಟಳು. ಮೆಲ್ಲಗೇ ಇಟ್ಟದ್ದು. ಆದರೆ ಅವಳ ಬೆರಳುಗಳ ಮೇಲಿಂದ ಅಪ್ಪನ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು, ಹೊಡೆಯಲು ಬಂದವರನ್ನು ನೋಡುವ ಹಾಗೆ. ಅವಳು ಕೈ ತೆಗೆದಳು. ತೆಗೆದ ಕೂಡಲೇ ಅವನು ಗಡಿಬಿಡಿಯಿಂದ, ಏಟು ತಪ್ಪಿಸಿಕೊಳ್ಳುವವನಂತೆ, ಮೂರೂ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಎಲ್ಲವನ್ನೂ ನೋಡಿದ್ದಳು.

"ಸಾಕು ಬಿಡೇ," ಎಂದಳು. ಆ ದಿನ ಅವಳ ದನಿಯಲ್ಲಿ ಕುಹಕ ಇರಲಿಲ್ಲ. "ಮೊದ್ಲು ಸಾಯಿಸ್ದೆ, ಈಗ ಬದುಕಿಸ್ತೀನಿ ಅಂತೀಯ. ಅವನೇನು ಅಂಗೀನಾ, ಹೊಲಿದು ಬಿಚ್ಚಿ ಹೊಲಿಯೋಕೆ?"

"ಮತ್ತೆ ನಾನೇನ್ ಮಾಡ್ಲಿ ಅತ್ತೆ?"

ಅತ್ತೆ ಅಣ್ಣನ ಪಕ್ಕ ಕೂತು ಅವನ ಅಂಗಿಯ ಕಾಲರ್ ಸರಿ ಮಾಡಿದಳು. "ನನಗೇನ್ ಗೊತ್ತು ತಾಯಿ. ನಾನು ಬಾಯಿ ಬಡ್ಕೊಳ್ಳೋಳು, ಅಷ್ಟೇ."

ಸಂಜೆ ಪುಟ್ಟಿ ಅಪ್ಪನಿಗೆ ಚಪ್ಪಲಿ ಹಾಕಿದಳು. ಕೈ ಹಿಡಿದು ಬೀದಿಗೆ ಕರೆತಂದಳು. ಹೇಳಿಸುವುದು ಬೇಡ, ಕೇಳುವುದೂ ಬೇಡ. ಸ್ಟಾಪಿನಲ್ಲಿ ಕೂರಿಸಿದರೆ, ಬಸ್ಸು ಕಂಡರೆ, ಕಾಲಿಗೋ ಕಣ್ಣಿಗೋ ಏನಾದರೂ ಹೊಳೆದೀತು. ಅವಳ ಹತ್ತಿರ ಉಳಿದಿದ್ದು ಅದೊಂದೇ ಆಸೆ.

ಸ್ಟಾಪಿನ ಸಿಮೆಂಟ್ ಬೆಂಚಿನ ಮೇಲೆ ಇಬ್ಬರೂ ಕೂತರು. ಕೆಲಸ ಬಿಟ್ಟ ಹೊತ್ತು. ಬಸ್ಸುಗಳು ಒಂದರ ಹಿಂದೊಂದು ಬಂದು, ಬಾಗಿಲಿನಿಂದ ಜನರನ್ನು ಸುರಿದು ಹೋಗುತ್ತಿದ್ದವು. ಊಟದ ಡಬ್ಬಿ ಹಿಡಿದವರು, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡವರು, ತರಕಾರಿ ಚೀಲದ ಭಾರಕ್ಕೆ ಒಂದು ಕಡೆ ವಾಲಿದ ಹೆಂಗಸರು. ಪುಟ್ಟಿ ಪ್ರತಿ ಬಸ್ಸಿಗೂ ಕತ್ತು ಚಾಚಿ ನೋಡಿದಳು. ಅಪ್ಪನಿಗೆ ತೋರಿಸಲೆಂದು ಹಾಗೆ ಮಾಡಲು ಶುರು ಮಾಡಿದ್ದು. ಎಷ್ಟೋ ಬಸ್ಸು ಹೋದ ಮೇಲೆ, ತಾನು ನಿಜವಾಗಿಯೇ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂತು. ಚೀಲ ಹೊತ್ತ ಒಬ್ಬಳು ಹಿಮ್ಮುಖವಾಗಿ ಮೆಟ್ಟಿಲಿಳಿದಾಗ ಅವಳು ಅರ್ಧ ಎದ್ದೇಬಿಟ್ಟಿದ್ದಳು.

ಅಪ್ಪ ಬಸ್ಸುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಯಾರಿಗಮ್ಮಾ ಕಾಯ್ತಿದೀರಿ?"

'ನೀವು' ಅಂದಿದ್ದ. ಸಂಜೆ ಹೊತ್ತಲ್ಲವೇ.

"ಅಮ್ಮನಿಗೆ," ಎಂದಳು ಪುಟ್ಟಿ. ಅಪ್ಪನಿಗೆ ಹೊಳೆಯಲಿ ಎಂದು ಹೇಳಿದ್ದೋ, ಬಾಯಿಗೆ ತಾನಾಗಿ ಬಂದದ್ದೋ, ಅವಳಿಗೇ ಗೊತ್ತಾಗಲಿಲ್ಲ.

ಅಪ್ಪ ಅವಳ ಬಲಗೈಯನ್ನು ಎತ್ತಿ ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಸ್ಟೀರಿಂಗ್ ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈ, ಬೆಚ್ಚಗಿತ್ತು.

"ಅವಳು ತೀರಿಕೊಂಡ್ಲು," ಎಂದ. "ಕಷ್ಟಪಡ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ."

ಆಸ್ಪತ್ರೆಯಲ್ಲಿ ಆ ದಿನ ಪುಟ್ಟಿಗೆ ಯಾರೂ ಏನೂ ಹೇಳಿರಲಿಲ್ಲ. ಅವಳೇ ನೋಡಿದ್ದು, ಅವಳೇ ಓಡಿದ್ದು, ಅವಳೇ ಅತ್ತೆಗೆ ಫೋನ್ ಮಾಡಿದ್ದು. ಅಂದಿನಿಂದ ಮೂರು ವರ್ಷ ದಿನವೂ ಅವಳು ಅದನ್ನು ಇನ್ನೊಬ್ಬರಿಗೆ ಹೇಳಿದ್ದೇ ಆಯಿತು, ಕೇಳಿದ್ದಿಲ್ಲ. ಈಗ ಯಾರೋ ಕೈ ಹಿಡಿದು, ಮುಖ ನೋಡಿ, ಅವಸರವಿಲ್ಲದೆ ಹೇಳಿದರು. ಮೂರರಲ್ಲಿ ಎರಡು ಸುಳ್ಳು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಅವಳ ಎದೆಯೊಳಗಿಂದ ಒಂದು ಸದ್ದು ಹೊರಟಿತು. ಸ್ಟಾಪಿನಲ್ಲಿದ್ದವರು ತಿರುಗಿ ನೋಡಿದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು, ನಾಚಿಕೆ ಬಿಟ್ಟು, ಬಸ್ಸು ಬಂದರೂ ಹೋದರೂ ನಿಲ್ಲಿಸಲಾಗದೆ ಅತ್ತಳು.

ಅಪ್ಪ ಗಾಬರಿಯಾದ. ಅವಳ ಕೈ ಮಾತ್ರ ಬಿಡಲಿಲ್ಲ.

"ಅಯ್ಯೋ, ಅಳಬೇಡಿ ತಾಯಿ. ನಿಮಗೆ ಅವಳು ಏನಾಗ್ಬೇಕು?"

"ತಾಯಿ," ಎಂದಳು ಪುಟ್ಟಿ, ಬಿಕ್ಕುವ ನಡುವೆ. "ನಮ್ಮ ತಾಯಿ."

ಅಪ್ಪ ಅವಳನ್ನು ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಕನಿಕರವಿತ್ತು, ದಾರಿಯಲ್ಲಿ ಸಿಕ್ಕ ಯಾರದೋ ಮನೆಯ ಹೆಣ್ಣುಮಗಳ ಮೇಲೆ ಒಳ್ಳೆಯ ಮನುಷ್ಯನಿಗೆ ಹುಟ್ಟುವ ಕನಿಕರ.

"ಛೆ," ಎಂದ. "ನಿಮಗೆ ಇಷ್ಟು ದಿನ ಯಾರೂ ಹೇಳೇ ಇರ್ಲಿಲ್ವಾ?"